ಸಿರುಮುಗೈ: ಮಾತು ಕನ್ನಡದಲ್ಲಿ, ಪತ್ರ ತಮಿಳಿನಲ್ಲಿ

ಮೆಟ್ಟುಪಾಳಯಂನಿಂದ ಸತ್ಯಮಂಗಲದ ಕಡೆಗೆ ಹೊರಟ ಬಸ್ಸು ಹತ್ತು ಕಿಲೋಮೀಟರು ಮುಗಿಯುವ ಮೊದಲೇ ಸಿರುಮುಗೈ ತಲುಪುತ್ತದೆ. ಎಡಗಡೆಗೆ ನೀಲಗಿರಿಯ ಗೋಡೆ, ಅದರ ಬುಡದಲ್ಲಿ ಕಾಡು, ಕಾಡಿಗೂ ರಸ್ತೆಗೂ ನಡುವೆ ಭವಾನಿ ನದಿ. ಬಾಳೆ, ಅಡಿಕೆ, ತೆಂಗು ಮತ್ತು ಕರಿಬೇವಿನ ತೋಟಗಳು ಈ ಸೀಮೆಯ ಹಳೆಯ ಬೆಳೆಗಳು. ಈಗ ಇವುಗಳ ನಡುವೆ ಇನ್ನೊಂದು ಬೆಳೆ ಎದ್ದಿದೆ. ಉಳುಮೆ ನಿಂತ ಹೊಲದಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳ ಸಾಲು, ಮುಂದುಗಡೆ ಒಂದು ಕಮಾನು, ಕಮಾನಿನ ಮೇಲೆ ಯಾವುದಾದರೊಂದು ನಗರದ ಹೆಸರು. ಕೊಯಮತ್ತೂರಿನ ನೌಕರದಾರರು, ತಿರುಪ್ಪೂರಿನ ಬನಿಯನ್ ವ್ಯಾಪಾರಿಗಳು, ನಿವೃತ್ತರು, ಊರು ಬಿಟ್ಟು ಹೋಗಿ ಹಣ ಕೂಡಿಟ್ಟವರು ಭಾನುವಾರಗಳಲ್ಲಿ ಕಾರಿನಲ್ಲಿ ಬಂದು ಈ ಕಲ್ಲುಗಳ ನಡುವೆ ನಡೆದಾಡುತ್ತಾರೆ. ನೆಲದ ಲೆಕ್ಕ ಇಲ್ಲಿ ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಎಕರೆ, ಒಂದು ಸೆಂಟಿಗೆ 435.6 ಚದರಡಿ.

ಕೊಳ್ಳಲು ಬರುವವನಿಗೆ ಕಾಣುವುದು ಸೆಂಟಿನ ಬೆಲೆ. ಮಾರುವವನ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ಬೇರೆ ಸಂಗತಿಗಳು: ಹಿಂದಿನ ಹೊಲಕ್ಕೆ ಹೋಗುವ ದಾರಿ, ಬಾವಿಯ ಸರದಿ, ಮಗ್ಗದ ಮೇಲೆ ಅರ್ಧ ನೇಯ್ದಿರುವ ಸೀರೆ, ಮದುವೆಯಾಗಿ ಹೋದ ತಂಗಿಯ ಸಹಿ. ಸಿರುಮುಗೈಯ ಜಮೀನು ವ್ಯವಹಾರಗಳಲ್ಲಿ ರಾಜಿಯಾಗುವುದು ಹೆಚ್ಚಾಗಿ ಈ ಎರಡನೆಯ ಪಟ್ಟಿಯ ಮೇಲೆಯೇ. ಆದರೆ ಕಾಗದಕ್ಕೆ ಏರುವುದು ಮೊದಲನೆಯದು ಮಾತ್ರ.

ಊರಿನ ನೇಕಾರರ ಬೀದಿಗಳಿಗೆ ಹೋದರೆ ಇದು ಸ್ಪಷ್ಟವಾಗುತ್ತದೆ. ಸಿರುಮುಗೈಯ ಮೃದು ರೇಷ್ಮೆ ಸೀರೆಗೆ ತಮಿಳುನಾಡಿನಾದ್ಯಂತ ಹೆಸರಿದೆ. ಕೋವೈ ಕೋರಾ ಹತ್ತಿ ಸೀರೆಗಳೂ ಇಲ್ಲಿಯ ಮಗ್ಗಗಳಿಂದ ಇಳಿಯುತ್ತವೆ. ನೇಯುವವರಲ್ಲಿ ಬಹುಪಾಲು ದೇವಾಂಗರು, ಚೌಡೇಶ್ವರಿಯ ಒಕ್ಕಲಿನವರು. ನೇಕಾರರ ಸಹಕಾರ ಸಂಘದ ಹೆಸರಿನಲ್ಲಿಯೂ ರಾಮಲಿಂಗ ಚೌಡೇಶ್ವರಿ ತಮಿಳಿನ ಉಚ್ಚಾರಣೆಯಲ್ಲಿ ‘ಸೌಡಾಂಬಿಗೈ’ಯಾಗಿ ಕುಳಿತಿದ್ದಾಳೆ. ಮನೆಮಾತು ಕನ್ನಡ, ಓದುಬರಹ ತಮಿಳು. ಲಾಳಿಯ ಸದ್ದಿನ ನಡುವೆ ಕೇಳುವ ಆ ಕನ್ನಡವನ್ನು ಬೆಂಗಳೂರಿನವರು ಒಂದು ಕ್ಷಣ ಕಿವಿಗೊಟ್ಟು ಕೇಳಬೇಕಾಗುತ್ತದೆ, ಅಷ್ಟೆ. ಅಪರಿಚಿತ ದಲ್ಲಾಳಿಯೊಡನೆ ತಮಿಳಿನಲ್ಲಿ ಬಿಗಿಯಾಗಿ ಮಾತಾಡುತ್ತಿದ್ದ ಮನೆಯ ಹಿರಿಯ, ಕೊಳ್ಳಲು ಬಂದವನೂ ಕನ್ನಡದವನೆಂದು ತಿಳಿದೊಡನೆ, “ಹಾಗಾದ್ರೆ ಒಳಗೆ ಬಾಪ್ಪಾ” ಎನ್ನುತ್ತಾನೆ. ಅಲ್ಲಿಂದ ಮುಂದೆ ಚೌಕಾಸಿ ಅಣ್ಣ, ಮಾವ ಎಂಬ ವರಸೆಗಳ ಮೇಲೆ ನಡೆಯುತ್ತದೆ. ಇದು ಸಂತೋಷದ ವಿಷಯ. ಅಪಾಯವೂ ಇಲ್ಲಿಂದಲೇ ಆರಂಭ.

ನೇಕಾರನ ಮನೆಯೆಂದರೆ ವಾಸದ ಮನೆ ಮಾತ್ರವಲ್ಲ, ಕಾರ್ಖಾನೆಯೂ ಹೌದು. ಗುಂಡಿಮಗ್ಗಕ್ಕಾಗಿ ನೆಲ ಅಗೆದಿರುತ್ತದೆ. ಜಕಾರ್ಡ್ ಪೆಟ್ಟಿಗೆ ಕೂರಿಸಲು ಮಾಡನ್ನು ಎತ್ತರಿಸಿರುತ್ತಾರೆ. ಹೊರಗಿನವನಿಗೆ ಗುಂಡಿ ತುಂಬಿಸುವ ಖರ್ಚಾಗಿ ಕಾಣುವುದು ಮನೆಯವನಿಗೆ ಜೀವನೋಪಾಯ. ಹಾಗಾಗಿ ಮನೆ ಮಾರುವ ಮಾತುಕತೆಯಲ್ಲಿ ಬೆಲೆಗಿಂತ ಅವಧಿಯ ಪ್ರಶ್ನೆ ದೊಡ್ಡದಾಗುತ್ತದೆ. ಒಮ್ಮೆ ಮಗ್ಗಕ್ಕೆ ಏರಿಸಿದ ಹಾಸಿನಲ್ಲಿ ಹಲವು ಸೀರೆಗಳ ಉದ್ದವಿರುತ್ತದೆ. ಅದನ್ನು ನಡುವೆ ಕತ್ತರಿಸಿ ಬೇರೆಡೆಗೆ ಒಯ್ಯುವುದು ನಷ್ಟ, ನೂಲು ಸಂಘದ್ದೋ ಯಜಮಾನನದ್ದೋ ಆಗಿದ್ದರೆ ಇನ್ನಷ್ಟು ನಷ್ಟ. “ಮಗ್ಗದ ಮೇಲಿನ ಹಾಸು ಮುಗಿಯೋವರೆಗೂ ಇರ್ತೀವಿ” ಎಂದು ಮಾರುವವನು ಕೇಳುತ್ತಾನೆ. ಕೊಳ್ಳುವವನು ಒಪ್ಪುತ್ತಾನೆ, ಪ್ರತಿಯಾಗಿ ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಳ್ಳುತ್ತಾನೆ. ಎರಡೂ ಕಡೆಗೆ ನ್ಯಾಯವಾದ ರಾಜಿ ಇದು. ಆದರೆ ಕ್ರಯಪತ್ರದಲ್ಲಿ ಅಚ್ಚಾಗುವುದು ‘ಈ ದಿನವೇ ಸ್ವಾಧೀನ ಒಪ್ಪಿಸಲಾಗಿದೆ’ ಎಂಬ ಸಿದ್ಧ ವಾಕ್ಯ. ಮರುದಿನ ಕೊಂಡವನ ಮಗನೋ, ಹಣ ಕೊಟ್ಟ ಬ್ಯಾಂಕೋ ಬಂದು ಬೀಗ ಕೇಳಿದರೆ ಹಾಸು, ಹೊಕ್ಕು, ಮಾವ ಎಂಬ ಮಾತುಗಳಿಗೆ ಬೆಲೆಯಿಲ್ಲ. ಬರಹದಲ್ಲಿ ಮುಗಿದ ಒಪ್ಪಂದದ ಷರತ್ತುಗಳನ್ನು ಬಾಯಿಮಾತಿನ ಸಾಕ್ಷ್ಯದಿಂದ ಬದಲಿಸಲಾಗದು ಎಂಬುದು 1872ರ ಸಾಕ್ಷ್ಯ ಅಧಿನಿಯಮದ 92ನೆಯ ಕಲಮು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ತತ್ತ್ವ 95ನೆಯ ಕಲಮಾಗಿ ಮುಂದುವರಿದಿದೆ. ವಂಚನೆ, ತಪ್ಪುಗ್ರಹಿಕೆ ಮುಂತಾದ ವಿನಾಯಿತಿಗಳಿವೆ, ಆದರೆ ಅವನ್ನು ಸಾಬೀತು ಮಾಡುವ ಹೊತ್ತಿಗೆ ಎಷ್ಟೋ ಹಾಸುಗಳು ಮುಗಿದಿರುತ್ತವೆ.

ತಮಿಳುನಾಡಿನ ನೇಕಾರರ ಊರುಗಳಲ್ಲಿ ‘ಪಾವಡಿ’ ಎಂಬ ಬಯಲು ಇರುವುದು ಓದುಗರಿಗೆ ಗೊತ್ತೇ ಇದೆ. ನೂಲಿನ ಹಾಸನ್ನು ಉದ್ದಕ್ಕೆ ಚಾಚಿ ಗಂಜಿ ಹಾಕಿ ಒಣಗಿಸಲು ಮೀಸಲಿಟ್ಟ ಸಮುದಾಯದ ನೆಲ ಅದು. ಗಿರಣಿಯಲ್ಲೇ ಸಿದ್ಧವಾದ ಹಾಸು ಬಂದ ಮೇಲೆ ಆ ಕೆಲಸ ಕುಗ್ಗಿತು, ಬಯಲು ಖಾಲಿಯಾಗಿ ಕಾಣತೊಡಗಿತು. ಖಾಲಿ ಕಂಡ ನೆಲಕ್ಕೆ ಕೊಳ್ಳುವವರು ಹುಟ್ಟುವುದು ಸಹಜ. ಇಂಥ ನೆಲವನ್ನು ಕೆಲವು ಹಿರಿಯರ ಸಹಿಯ ಮೇಲೆ ಕೊಳ್ಳಲು ಹೊರಡುವವರಿಗೆ ಹೇಳಬೇಕಾದದ್ದು ಒಂದೇ: ಅದು ಯಾರ ಹೆಸರಿನಲ್ಲಿ ಹೇಗೆ ದಾಖಲಾಗಿದೆ ಎಂಬುದು ತಿಳಿಯದೆ ಅಲ್ಲಿ ಚೌಕಾಸಿಗೇ ಕೂರಬಾರದು.

ಬೀದಿ ದಾಟಿ ತೋಟಗಳ ಕಡೆಗೆ ಹೋದರೆ ಮಾತುಕತೆಯ ವಸ್ತು ಬದಲಾಗುತ್ತದೆ. ಇಲ್ಲಿ ದಾರಿ ಮತ್ತು ನೀರು. ಕೊಂಗುನಾಡಿನ ಹಳೆಯ ಬಾವಿಗಳು ಒಬ್ಬನ ಸೊತ್ತಲ್ಲ. ಅಣ್ಣತಮ್ಮಂದಿರು ಭಾಗವಾದಾಗ ಹೊಲ ಹರಿದು ಹಂಚಿಹೋಗುತ್ತದೆ, ಬಾವಿ ಮಾತ್ರ ಹರಿಯಲಾಗದೆ ಪಾಲಾಗುತ್ತದೆ: ಒಬ್ಬನಿಗೆ ನಾಲ್ಕರಲ್ಲೊಂದು, ಇನ್ನೊಬ್ಬನಿಗೆ ಎಂಟರಲ್ಲೊಂದು, ಯಾರಿಗೆ ಯಾವ ದಿನ ಪಂಪು ಹಾಕುವ ಸರದಿ ಎಂಬ ಲೆಕ್ಕ. ಅದರ ಜೊತೆಗೆ ಮೋಟಾರಿನಲ್ಲಿ ಪಾಲು, ಕೃಷಿಗೆ ಉಚಿತವಾಗಿ ಬರುವ ವಿದ್ಯುತ್ತಿನ ಸಂಪರ್ಕದಲ್ಲಿ ಪಾಲು, ನೆಲದೊಳಗೆ ಹೂತ ಕೊಳವೆಯಲ್ಲಿ ಪಾಲು. ಇಂಥ ಹೊಲದ ಮುಂಭಾಗವನ್ನು ರಸ್ತೆಯ ಬದಿಯ ಬೆಲೆಗೆ ಮಾರಿ ಹಿಂಭಾಗ ಉಳಿಸಿಕೊಳ್ಳುವುದು ಇಂದಿನ ಸಾಮಾನ್ಯ ರೂಢಿ. ಮಗಳ ಮದುವೆಗೋ ಸಾಲಕ್ಕೋ ಮುಂದಿನ ಐವತ್ತು ಸೆಂಟು ಹೋಗುತ್ತದೆ, ಹಿಂದೆ ಎರಡೆಕರೆ ಬಾಳೆ ಉಳಿಯುತ್ತದೆ. ದಾರಿ? “ನಿಮ್ಮ ಗಾಡಿ ಹೋಗೋದನ್ನ ಯಾರು ಬೇಡ ಅಂತಾರೆ ಗೌಡ್ರೆ” ಎಂದು ಕೊಳ್ಳುವವನು ನಗುತ್ತಾನೆ. ಮಾರುವವನು ಸೆಂಟಿನ ಮೇಲೆ ಕೊಂಚ ಬಿಟ್ಟುಕೊಡುತ್ತಾನೆ.

ಇಲ್ಲಿ ಕಾನೂನು ಸ್ವಲ್ಪ ನೆರವಿಗೆ ಬರುತ್ತದೆ, ಆದರೆ ಜನ ಭಾವಿಸಿದಷ್ಟಲ್ಲ. ಪರರ ನೆಲದ ಮೇಲೆ ದಾರಿ, ನೀರು ಮುಂತಾದ ಅನುಭೋಗದ ಹಕ್ಕುಗಳನ್ನು 1882ರ ಈಸ್‌ಮೆಂಟ್ ಅಧಿನಿಯಮ ನಿರ್ಣಯಿಸುತ್ತದೆ. ಒಬ್ಬನ ಜಮೀನು ಎರಡಾಗಿ, ಉಳಿದ ಭಾಗಕ್ಕೆ ಬೇರೆ ದಾರಿಯೇ ಇಲ್ಲವಾದರೆ ‘ಅವಶ್ಯಕತೆಯ ಹಕ್ಕು’ ಎಂಬುದು 13ನೆಯ ಕಲಮಿನಂತೆ ತಾನಾಗಿಯೇ ಹುಟ್ಟುತ್ತದೆ. ತೊಡಕಿರುವುದು ‘ಬೇರೆ ದಾರಿಯೇ ಇಲ್ಲವಾದರೆ’ ಎಂಬ ಮಾತಿನಲ್ಲಿ. ಹಳ್ಳ ದಾಟಿ, ಮೂರು ಜನರ ಬದುವಿನ ಮೇಲೆ ನಡೆದು, ಅರ್ಧ ಮೈಲಿ ಸುತ್ತಿ ಹೋಗುವ ಹಕ್ಕಿನ ದಾರಿ ಒಂದಿದ್ದರೂ ಅವಶ್ಯಕತೆ ಇಲ್ಲವೆಂದೇ ವಾದ ನಡೆಯುತ್ತದೆ. ಅನುಕೂಲ ಬೇರೆ, ಅವಶ್ಯಕತೆ ಬೇರೆ. ಅವಶ್ಯಕತೆ ತೀರಿದರೆ ಹಕ್ಕೂ ತೀರುತ್ತದೆ. ಇನ್ನು ಬಳಕೆಯ ಬಲದಿಂದ ಹಕ್ಕು ಗಳಿಸಲು 20 ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದಲೇ ನಡೆದಿರಬೇಕು. ‘ಹೋಗಲಿ ಬಿಡಿ’ ಎಂಬ ದಾಕ್ಷಿಣ್ಯದ ಅನುಮತಿಯ ಮೇಲೆ ನಡೆದ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ. ನಗುತ್ತ ಕೊಟ್ಟ ಆ ಮಾತೇ ಹೀಗೆ ಮುಂದೆ ಹಕ್ಕಿಗೆ ಅಡ್ಡವಾಗಿ ನಿಲ್ಲಬಹುದು.

ಪತ್ರ ಬರೆಯುವವರು ಇದಕ್ಕೊಂದು ಸಿದ್ಧ ಔಷಧಿ ಇಟ್ಟುಕೊಂಡಿದ್ದಾರೆ. ಈ ಜಿಲ್ಲೆಯ ಕ್ರಯಪತ್ರಗಳ ಕೊನೆಯಲ್ಲಿ ‘ಮಾಮೂಲ್ ವಳಿತ್ತಡ ಪಾತ್ತಿಯಂ’ ಎಂಬ ಮಾತು ಬರುತ್ತದೆ, ಅಂದರೆ ವಾಡಿಕೆಯ ದಾರಿಯ ಹಕ್ಕು. ಮೂರು ಪದಗಳಲ್ಲಿ ಎಲ್ಲವೂ ಬಂದಂತೆ ಕಾಣುತ್ತದೆ. ಆದರೆ ಆ ದಾರಿ ಎಷ್ಟು ಅಡಿ ಅಗಲ, ಯಾವ ಸರ್ವೆ ನಂಬರಿನ ಯಾವ ಅಂಚಿನಲ್ಲಿ, ಎತ್ತಿನ ಗಾಡಿಗೋ ಟಿಪ್ಪರಿಗೋ, ಕೊಳವೆ ಹೂಳಬಹುದೋ ಬೇಡವೋ ಎಂಬುದು ಯಾವುದೂ ಇಲ್ಲ. ಎತ್ತಿನ ಗಾಡಿಯ ಕಾಲದ ವಾಡಿಕೆಯನ್ನು ಹಿಡಿದು ಬಾಳೆಗೊನೆಯ ಲಾರಿ ಒಳಗೆ ಬರುವಂತಿಲ್ಲ ಎಂದವರುಂಟು, ಬರಬಹುದು ಎಂದವರೂ ಉಂಟು. ಇಬ್ಬರೂ ಅದೇ ಮೂರು ಪದಗಳನ್ನು ತೋರಿಸುತ್ತಾರೆ. ಹಾಗಾಗಿ ದಾರಿಯ ರಾಜಿಯಾದರೆ ಅಗಲವನ್ನು ಅಂಕಿಯಲ್ಲಿ ಬರೆಸಿ, ನಕ್ಷೆಯಲ್ಲಿ ಗೆರೆ ಎಳೆಸಿ, ನಕ್ಷೆಯನ್ನೂ ಪತ್ರಕ್ಕೆ ಲಗತ್ತಿಸಿ ನೋಂದಾಯಿಸುವುದೇ ಸರಿ. ಖರ್ಚು ಹೆಚ್ಚಾಗುವುದಿಲ್ಲ, ಹೆಚ್ಚಾಗುವುದು ದಾಕ್ಷಿಣ್ಯವೊಂದೇ.

ಎಲ್ಲ ಬಾಯಿಮಾತನ್ನೂ ಬರೆದು ಉಳಿಸಬಹುದು ಎಂದಲ್ಲ. “ಮುಂದೆ ಮಾರೋದಾದ್ರೆ ನಮ್ಮವರಿಗೇ ಮಾರಬೇಕು” ಎಂಬ ಷರತ್ತು ನೇಕಾರರ ಬೀದಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ದೇವಸ್ಥಾನದ ಬೀದಿಯಲ್ಲಿ ಕನ್ನಡ ಉಳಿಯಬೇಕೆಂಬ ಆಸೆ ಅದರ ಹಿಂದಿದೆ. ಆದರೆ ಮಾರಿದ ಮೇಲೆ ಕೊಂಡವನ ಪರಭಾರೆಯ ಹಕ್ಕನ್ನು ಪೂರ್ತಿಯಾಗಿ ಕಟ್ಟಿಹಾಕುವ ಷರತ್ತು ಸ್ವತ್ತು ವರ್ಗಾವಣೆ ಅಧಿನಿಯಮದ 10ನೆಯ ಕಲಮಿನಂತೆ ಅಸಿಂಧು. ಜಾತಿ, ಸಮುದಾಯಗಳ ಹೆಸರಿನ ಕಟ್ಟು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ‘ಮಾರುವುದಾದರೆ ಮೊದಲು ನಮ್ಮನ್ನು ಕೇಳಬೇಕು’ ಎಂಬ ಕರಾರಾದರೆ ಬರೆದುಕೊಳ್ಳಬಹುದು, ಅದಕ್ಕೆ ಬೆಲೆಯೂ ಇದೆ. ಆಸೆಯನ್ನು ಅಷ್ಟಕ್ಕೆ ಇಳಿಸಿಕೊಳ್ಳುವುದೂ ಒಂದು ರಾಜಿಯೇ.

ಒಪ್ಪಿದ ಬೆಲೆಗೆ ಮುಂಗಡ ಕೊಡುವ ಘಟ್ಟದಲ್ಲಿ ಸಿರುಮುಗೈ ಬೇರೆ ಊರುಗಳಂತೆಯೇ. ಹಳೆಯ ಕನ್ನಡದಲ್ಲಿ ಈ ಹಣಕ್ಕೆ ಸಂಚಕಾರ ಎಂದು ಹೆಸರಿತ್ತು. ಇಂದು ಅದೇ ಪದಕ್ಕೆ ಕುತ್ತು ಎಂಬ ಅರ್ಥ ಬಂದಿರುವುದು ಜಮೀನು ವ್ಯವಹಾರ ಮಾಡಿದವರಿಗೆ ಆಶ್ಚರ್ಯ ತರಲಾರದು. ತಮಿಳುನಾಡಿನಲ್ಲಿ 2012ರ ಡಿಸೆಂಬರ್ 1ರಿಂದ ಸ್ಥಿರಾಸ್ತಿಯ ಕ್ರಯದ ಕರಾರು ಕಡ್ಡಾಯವಾಗಿ ನೋಂದಣಿಯಾಗಬೇಕು. ಆದರೂ ಇಪ್ಪತ್ತು ರೂಪಾಯಿಯ ಛಾಪಾಕಾಗದದ ಮೇಲೆ ಕರಾರು ಬರೆದು ಮನೆಯ ಕಪಾಟಿನಲ್ಲಿ ಇಡುವವರು ಕಡಿಮೆಯಾಗಿಲ್ಲ. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟು ನಗದಾಗಿ ಪಡೆದರೆ ಆದಾಯ ತೆರಿಗೆ ಕಾನೂನಿನಂತೆ ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇನ್ನು ನೋಂದಣಿಯ ವೆಚ್ಚ: ಮುದ್ರಾಂಕ ಮತ್ತು ವರ್ಗಾವಣೆ ಸುಂಕ ಸೇರಿ 7 ಪ್ರತಿಶತ, ನೋಂದಣಿ ಶುಲ್ಕ 2 ಪ್ರತಿಶತ. ಈ ಒಂಬತ್ತನ್ನು ತಪ್ಪಿಸಲು ಸರ್ಕಾರದ ಮಾರ್ಗಸೂಚಿ ಬೆಲೆಯನ್ನಷ್ಟೇ ಪತ್ರದಲ್ಲಿ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ‘ರಾಜಿ’ ಬಹಳ ಹಳೆಯದು. ಅದು ರಾಜಿಯಲ್ಲ, ಕಾನೂನಿಗೆ ವಿರುದ್ಧ. ಅದರ ಹೊರೆಯನ್ನು ಮುಂದೆ ಹೊರುವವನು ಹೆಚ್ಚಾಗಿ ಕೊಂಡವನೇ: ವ್ಯವಹಾರ ಮುರಿದುಬಿದ್ದು ಹಣ ಹಿಂದಕ್ಕೆ ಕೇಳಬೇಕಾದಾಗ ಪತ್ರದಲ್ಲಿ ಇಲ್ಲದ ಹಣವನ್ನು ಅವನು ಯಾವ ಆಧಾರದಲ್ಲಿ ಕೇಳುವನು?

ತಂಗಿಯ ಸಹಿಯ ವಿಷಯ ಬೇರೆಯೇ. ತಮಿಳುನಾಡು 1989ರಲ್ಲಿಯೇ, ಕೇಂದ್ರ ಸರ್ಕಾರಕ್ಕಿಂತ ಹದಿನಾರು ವರ್ಷ ಮೊದಲು, ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು. 2005ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಅಣ್ಣಂದಿರು ಬೆಲೆ ಮುಗಿಸಿಕೊಂಡ ಮೇಲೆ ಅವಳನ್ನು ನೆನೆಯುತ್ತಾರೆ. ಸೀರೆ, ಅರಿಸಿನ ಕುಂಕುಮ, ಒಂದು ಸಣ್ಣ ಮೊತ್ತ. ಅವಳು ಬಾಯಿಬಿಟ್ಟು ಏನೂ ಕೇಳದೆ ಹೆಬ್ಬೆಟ್ಟು ಒತ್ತುವುದನ್ನು ‘ಒಳ್ಳೆಯ ಹೆಣ್ಣುಮಗಳು’ ಎಂದು ಹೊಗಳುತ್ತಾರೆ. ಆ ಮನೆಯ ಮಗ್ಗಕ್ಕೆ ನೂಲು ಸುತ್ತಿಕೊಟ್ಟು ಬೆಳೆದವಳು ಅವಳೇ. ಮಾತುಕತೆಯ ಮೊದಲ ದಿನವೇ ಅವಳನ್ನು ಕೂರಿಸಿಕೊಂಡರೆ ಕೊಳ್ಳುವವನಿಗೂ ಕ್ಷೇಮ, ಅವಳಿಗೂ ನ್ಯಾಯ.

ಊರಿನ ಇತಿಹಾಸದ ಎರಡು ದೊಡ್ಡ ಜಮೀನು ಪ್ರಕರಣಗಳಲ್ಲಿ ಚೌಕಾಸಿಗೆ ಅವಕಾಶವೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು, ಇಟಲಿಯ ಸ್ನಿಯಾ ವಿಸ್ಕೋಸಾದ ಸಹಯೋಗದಲ್ಲಿ ಎದ್ದ ಸೌತ್ ಇಂಡಿಯಾ ವಿಸ್ಕೋಸ್ ಕಾರ್ಖಾನೆ. ನೀಲಗಿರಿಯ ಮರದಿಂದ ತಿರುಳು, ತಿರುಳಿನಿಂದ ಕೃತಕ ನೂಲು. ಕೈಮಗ್ಗದ ಊರಿನ ಪಕ್ಕದಲ್ಲೇ ಸಾವಿರಾರು ಜನರಿಗೆ ಸಂಬಳದ ಕೆಲಸ. ಭವಾನಿಗೆ ಹರಿದ ಕೊಳೆನೀರಿನ ವಿರುದ್ಧ ಕೆಳಗಿನ ರೈತರೂ ಮೀನುಗಾರರೂ ದನಿಯೆತ್ತಿದರು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ನಿಂತಿತು, ಕಂಪನಿ ಸಮಾಪನೆಗೆ ಹೋಯಿತು. ಸಮಾಪನೆಯ ಆಸ್ತಿಯನ್ನು ಕೊಳ್ಳುವವನು ಯಾರ ಮನೆಯ ಜಗಲಿಯಲ್ಲೂ ಕೂತು ಮಾತಾಡುವಂತಿಲ್ಲ. ‘ಇದ್ದಲ್ಲಿ, ಇದ್ದ ಹಾಗೆ’ ಎಂಬುದೇ ಅಂಥ ಮಾರಾಟಗಳ ಷರತ್ತು.

ಇನ್ನೊಂದು ಭವಾನಿಸಾಗರ. ಸಿರುಮುಗೈಯಿಂದ ಲಿಂಗಾಪುರ, ಕಾಂದವಯಲ್ ಕಡೆಗೆ ಹೋದರೆ ಅಣೆಕಟ್ಟಿನ ಹಿನ್ನೀರು ಸಿಗುತ್ತದೆ. 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಕೆಳಭವಾನಿ ಯೋಜನೆ ಎರಡು ಲಕ್ಷ ಎಕರೆಗೂ ಹೆಚ್ಚು ನೆಲಕ್ಕೆ ನೀರು ಕೊಟ್ಟಿತು. ಪ್ರತಿಯಾಗಿ ನದಿಯ ಬಯಲನ್ನೂ ದಣಾಯಕನ ಕೋಟೆಯನ್ನೂ ನುಂಗಿತು. ಮೋಯಾರು ಭವಾನಿಯನ್ನು ಕೂಡುವ ಎಡೆಯಲ್ಲಿ, ಗಜಲಹಟ್ಟಿ ಕಣಿವೆಯಿಂದ ಮೈಸೂರು ಸೀಮೆಗೆ ಏರುವ ದಾರಿಯ ಕಾವಲಿಗೆ ಹೊಯ್ಸಳರ ದಂಡನಾಯಕರು ನಿಲ್ಲಿಸಿದ ಕೋಟೆ ಅದು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷ ಮಾಧವರಾಯ ಪೆರುಮಾಳ್ ಗುಡಿಯ ಕಂಬಗಳು ಮೇಲೆದ್ದು ಕಾಣುತ್ತವೆ, ಜನ ನೋಡಲು ಹೋಗುತ್ತಾರೆ. ನೀರು ಏರಿದ ವರ್ಷ ಲಿಂಗಾಪುರಕ್ಕೂ ಕಾಂದವಯಲಿಗೂ ನಡುವಿನ ಹಳೆಯ ಸೇತುವೆ ಮುಳುಗಿ ಹರಿಗೋಲಿನಲ್ಲಿ ದಾಟಿದ್ದೂ ಉಂಟು. ಈ ಅಂಚಿನಲ್ಲಿ ನೀರಿಳಿದಾಗ ಸಿಗುವ ಹಸಿರು ನೆಲವನ್ನು ‘ಅನುಭವದಲ್ಲಿದೆ, ಪಟ್ಟಾ ಮಾತ್ರ ಇಲ್ಲ’ ಎಂದು ಅಗ್ಗಕ್ಕೆ ತೋರಿಸುವವರು ಸಿಕ್ಕರೆ ಬೆಲೆ ಕೇಳದೆ ಹಿಂದಿರುಗುವುದು ಒಳ್ಳೆಯದು. ಹಿಂದಿನ ಕನ್ನಡ ದಾನಶಾಸನಗಳು ನೆಲದ ನಾಲ್ಕು ದಿಕ್ಕಿನ ಎಲ್ಲೆಯನ್ನು, ನಡುವೆ ಬರುವ ಕೆರೆ, ಹುಣಸೆಮರ, ಕಲ್ಲುಗಳ ಸಮೇತ ಕೆತ್ತಿಸಿ, ಸಾಕ್ಷಿಗಳ ಹೆಸರು ಹೇಳುತ್ತಿದ್ದವು. ಅಷ್ಟು ಎಚ್ಚರದ ನುಡಿಯಿದ್ದವರು ಇಂದು ‘ಮಾಮೂಲ್’ ಎಂಬ ಒಂದು ಪದಕ್ಕೆ ತೃಪ್ತರಾಗಿದ್ದಾರೆ.

ಕಾಡಿನ ಅಂಚಿಗೆ ಸರಿದಷ್ಟೂ ಬೆಲೆ ಇಳಿಯುತ್ತದೆ. ಆನೆ ಅದಕ್ಕೆ ಕಾರಣ. ಸಿರುಮುಗೈ ಅರಣ್ಯ ವಲಯದ ಆನೆಗಳಿಗೆ ನದಿಯ ನೀರೂ ತೋಟದ ಬಾಳೆಯೂ ಬೇಕು; ಅವುಗಳ ದಾರಿಗೆ ಯಾವ ಪತ್ರವೂ ಇಲ್ಲ. ‘ನದಿ ನೋಟದ ತೋಟದ ಮನೆ’ ಎಂದು ಕೊಳ್ಳುವವನು ಬೆಲೆ ಇಳಿದದ್ದನ್ನು ತನ್ನ ಚಾತುರ್ಯವೆಂದು ಭಾವಿಸಬಾರದು. ಮೆಟ್ಟುಪಾಳಯಂ ತಾಲ್ಲೂಕಿನ ಕೆಲವು ಗ್ರಾಮಗಳು ಗುಡ್ಡಗಾಡು ಸಂರಕ್ಷಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ. ಅಲ್ಲಿ ಬಡಾವಣೆಗೂ ಕಟ್ಟಡಕ್ಕೂ ಪ್ರತ್ಯೇಕ ಅನುಮತಿ ಬೇಕು. ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಯನ್ನು ಮದ್ರಾಸು ಉಚ್ಚ ನ್ಯಾಯಾಲಯ 2016ರ ಸೆಪ್ಟೆಂಬರಿನಲ್ಲಿ ತಡೆದಾಗ ಇಡೀ ರಾಜ್ಯದ ನಿವೇಶನ ವ್ಯಾಪಾರ ತಿಂಗಳುಗಟ್ಟಲೆ ಸ್ತಬ್ಧವಾಯಿತು. 2017ರಲ್ಲಿ ಸಕ್ರಮದ ನಿಯಮಗಳು ಬಂದವು, 2016ರ ಅಕ್ಟೋಬರ್ 20ಕ್ಕೆ ಮೊದಲಿನವುಗಳಿಗೆ ಮಾತ್ರ. ಕಮಾನಿನ ಮೇಲಿನ ಹೆಸರಿಗಿಂತ ಅನುಮೋದನೆಯ ಸಂಖ್ಯೆಯನ್ನೂ ದಿನಾಂಕವನ್ನೂ ಮೊದಲು ಕೇಳುವ ರೂಢಿ ಅಂದಿನಿಂದ ಬಂದಿರಬೇಕಿತ್ತು.

ಕೊನೆಗೆ ಎಲ್ಲರೂ ಸೇರುವುದು ಉಪನೋಂದಣಿ ಕಚೇರಿಯಲ್ಲಿ. ಪತ್ರ ತಮಿಳಿನಲ್ಲಿ ಸಿದ್ಧವಾಗಿರುತ್ತದೆ, ಬರೆದವರು ಗಡಿಬಿಡಿಯಲ್ಲಿರುತ್ತಾರೆ, ಟೋಕನ್ನಿನ ಸಮಯ ಹತ್ತಿರವಾಗಿರುತ್ತದೆ. ಕನ್ನಡದಲ್ಲಿ ಪತ್ರ ಬರೆದು ನೋಂದಾಯಿಸಬಹುದೇ ಎಂದು ಕೆಲವರು ಕುತೂಹಲದಿಂದ ಕೇಳುವುದುಂಟು. 1908ರ ನೋಂದಣಿ ಅಧಿನಿಯಮದ 19ನೆಯ ಕಲಮು ಅದಕ್ಕೆ ಬಾಗಿಲು ಮುಚ್ಚಿಲ್ಲ: ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಸದ, ಅಧಿಕಾರಿಗೆ ತಿಳಿಯದ ಭಾಷೆಯ ಪತ್ರಕ್ಕೆ ಜಿಲ್ಲೆಯ ಭಾಷೆಯ ನಿಜ ಅನುವಾದವನ್ನೂ ಪ್ರತಿಯನ್ನೂ ಜೊತೆಗಿಡಬೇಕು, ಅಷ್ಟೆ. ಆದರೆ ಬ್ಯಾಂಕು, ತಾಲ್ಲೂಕು ಕಚೇರಿ, ಮುಂದೆ ಕೊಳ್ಳುವವನು, ಎಲ್ಲರೂ ಓದುವುದು ತಮಿಳನ್ನೇ; ಅಭಿಮಾನಕ್ಕಾಗಿ ಅಷ್ಟು ತೊಡಕು ಬೇಕಿಲ್ಲ. ಬೇಕಾದದ್ದು ಹಿಂದಿನ ಸಂಜೆಯೇ ಕರಡನ್ನು ಮನೆಗೆ ತಂದು, ಸಹಿ ಮಾಡುವ ಎಲ್ಲರೂ, ತಂಗಿಯೂ ಸೇರಿ, ಮಗ್ಗದ ಪಕ್ಕ ಕೂತು, ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳುವುದು. ಬೆಲೆಯ ಪುಟವನ್ನು ಎಲ್ಲರೂ ಎಚ್ಚರದಿಂದ ಕೇಳುತ್ತಾರೆ. ಚೆಕ್ಕುಬಂದಿ ಮುಗಿದು ಅಳತೆ ಬಂದ ಮೇಲೆ, ‘ಮಾಮೂಲ್’ ಎಂಬ ಪದ ಬರುವ ಕಡೆ ಓದುವವನನ್ನು ನಿಲ್ಲಿಸಬೇಕು. ದಾರಿಯ ಅಗಲ, ಬಾವಿಯ ಪಾಲು, ಮನೆ ಬಿಡುವ ತಾರೀಖು, ಇವು ಬರೆಯಬೇಕಾದ ಜಾಗ ಅದೇ. ಕರಡಿನಲ್ಲಿ ಅಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲಿನಷ್ಟು ಸ್ಥಳ ಇದ್ದೇ ಇರುತ್ತದೆ.